ಪತ್ರಿಕೆ ಇತ್ತು, ಪಟ್ಟ ಸಿಗಲಿಲ್ಲ: ಹರ್ಸ್ಟ್ ಕಥೆ

ಲಕ್ಷಾಂತರ ಜನ ಓದುವ ಪತ್ರಿಕೆ ಕೈಲಿದ್ದರೆ,
ದೇಶದ ಅಧ್ಯಕ್ಷನೂ ಆಗಬಹುದಾ?

ಅಮೆರಿಕದಲ್ಲಿ ಒಬ್ಬ ಆ ಆಸೆ ಇಟ್ಟುಕೊಂಡಿದ್ದ.
ವಿಲಿಯಂ ರಾಂಡಾಲ್ಫ್ ಹರ್ಸ್ಟ್.

ಅಪ್ಪ ಗಣಿ ಧಣಿ.
1887ರಲ್ಲಿ ಅಪ್ಪನ ಪತ್ರಿಕೆ ಮಗನ ಕೈಗೆ ಬಂತು.
1895ರಲ್ಲಿ ನ್ಯೂಯಾರ್ಕ್‌ನ 'ಜರ್ನಲ್' ಕೊಂಡ.
ಒಂದು ಪ್ರತಿಯ ಬೆಲೆ ಒಂದೇ ಸೆಂಟ್.
ಎದುರಾಳಿ ಪುಲಿಟ್ಜರ್ ಪತ್ರಿಕೆಯ ಬೆಲೆಯ ಅರ್ಧ!
ಅಲ್ಲಿದ್ದ ಪತ್ರಕರ್ತರನ್ನೂ ಹೆಚ್ಚು ಸಂಬಳ ಕೊಟ್ಟು ಎಳೆದುಕೊಂಡ.

1898, ಫೆಬ್ರವರಿ.
ಸ್ಪೇನ್ ಆಳುತ್ತಿದ್ದ ಕ್ಯೂಬಾದ ಹವಾನಾ ಬಂದರು.
ಅಮೆರಿಕದ ಯುದ್ಧನೌಕೆ 'ಮೇನ್' ಸ್ಫೋಟಗೊಂಡಿತು.
ಕಾರಣ ಆಗಿನ್ನೂ ಯಾರಿಗೂ ಗೊತ್ತಿಲ್ಲ.
ಆದರೆ 'ಜರ್ನಲ್' ಮುಖಪುಟ ಸಾರಿಬಿಟ್ಟಿತು: ಇದು ಶತ್ರುವಿನ ಕೆಲಸ!
ಸುಳಿವು ಕೊಟ್ಟವರಿಗೆ 50,000 ಡಾಲರ್ ಬಹುಮಾನ!

ಬಣವೆ ಮೊದಲೇ ಒಣಗಿತ್ತು.
ಇವನೂ ಒಂದು ಬೆಂಕಿಕಡ್ಡಿ ಗೀರಿದ.
ಏಪ್ರಿಲ್‌ನಲ್ಲಿ ಸ್ಪೇನ್ ಜೊತೆ ಯುದ್ಧ ಶುರು.

ಆಮೇಲೆ ಹರ್ಸ್ಟ್ ಕಣ್ಣು ಕುರ್ಚಿ ಮೇಲೆ.
ಸಂಸದನೇನೋ ಆದ.
1904ರಲ್ಲಿ ಅಧ್ಯಕ್ಷ ಹುದ್ದೆಗೆ ಪಕ್ಷದ ಟಿಕೆಟ್ ಕೇಳಿದ. ಸಿಗಲಿಲ್ಲ.
1905, ನ್ಯೂಯಾರ್ಕ್ ಮೇಯರ್ ಚುನಾವಣೆ. ಸೋಲು.
1906, ಗವರ್ನರ್ ಚುನಾವಣೆ. ಮತ್ತೆ ಸೋಲು.

ಜನ ಅವನ ಪತ್ರಿಕೆ ಕೊಂಡರು.
ಬೇಕಾದಷ್ಟು ಓಟು ಮಾತ್ರ ಕೊಡಲಿಲ್ಲ.

ಅದಕ್ಕೇ ಹೇಳ್ತೀನಿ,
ಸಾಕ್ಷಿ ಸಿಗೋ ಮೊದಲೇ ತೀರ್ಪು ಕೊಡೋ ಹೆಡ್‌ಲೈನ್ ಕಂಡರೆ,
ಒಂದು ನಿಮಿಷ ತಡೀರಿ.
ಆ ಪತ್ರಿಕೆ ಯಾರದು, ಅವರಿಗೆ ಏನು ಬೇಕು,
ಅದನ್ನ ಮೊದಲು ನೋಡಿ.