ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗದ ಮರುಕಳಿಕೆ: ದೇಹದ ರಕ್ಷಣಾಶಕ್ತಿ ಮತ್ತು ಪರಿಸರ

ಜ್ವರ ಮರುಕಳಿಸಿತು ಎಂಬುದು ನಮ್ಮಲ್ಲಿ ಮನೆಮನೆಯ ಮಾತು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಲ್ಲಾದರೋ ‘ಮರುಕಳಿಕೆ’ಗೆ ನಿಯತವಾದ ಬೇರೊಂದು ಅರ್ಥವುಂಟು. ಪ್ಯಾರಿಸ್ಸಿನ ವೈದ್ಯ ಶಾರ್ಕೋ 1868ರಲ್ಲಿ ಸ್ಪಷ್ಟವಾಗಿ ವಿವರಿಸಿದ ರೋಗ ಇದು. ಮಿದುಳು, ಬೆನ್ನುಹುರಿ ಮತ್ತು ದೃಷ್ಟಿನರಗಳ ತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿದೆ. ವಿದ್ಯುತ್ ತಂತಿಯ ಮೇಲೆ ರಬ್ಬರಿನ ಕವಚವಿರುವಂತೆ. ದೇಹವನ್ನು ಕಾಯಬೇಕಾದ ಬಿಳಿಯ ರಕ್ತಕಣಗಳೇ ಇದನ್ನು ಪರವಸ್ತುವೆಂದು ಭ್ರಮಿಸಿ ಅಲ್ಲಲ್ಲಿ ಕೆಡಿಸುತ್ತವೆ. ಹೀಗೆ ಹೊಸದೊಂದು ತಾಣದಲ್ಲಿ ಉರಿಯೂತ ಹುಟ್ಟಿ, ಕಣ್ಣು ಮಂಜಾಗುವುದು, ಕಾಲು ಸೋಲುವುದು ಮೊದಲಾದ ಲಕ್ಷಣ, ಜ್ವರವಾಗಲಿ ಸೋಂಕಾಗಲಿ ಇಲ್ಲದಿರುವಾಗ, ಕನಿಷ್ಠ 24 ಗಂಟೆ ನಿಂತರೆ ಮಾತ್ರ ಅದು ಮರುಕಳಿಕೆ.

ಭಾರತದಲ್ಲಿ ಈ ರೋಗವೇ ಇಲ್ಲವೆಂಬಷ್ಟು ವಿರಳವೆಂದು ಬಹುಕಾಲ ನಂಬಲಾಗಿತ್ತು. ಮಂಗಳೂರು ನಗರದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಗಣತಿಯಂತೆ ಲಕ್ಷ ಜನರಲ್ಲಿ ಸುಮಾರು 8 ಮಂದಿಗೆ ಇದುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1993ರಿಂದ 1995ರವರೆಗೆ ನಗರ ಮತ್ತು ಗ್ರಾಮಗಳ 1,02,557 ಜನರನ್ನು ಪರಿಶೀಲಿಸಿದಾಗ, ಒಟ್ಟು ನರರೋಗಗಳ ಪ್ರಮಾಣ ಹಳ್ಳಿಗಳಲ್ಲಿ ನಗರದ ಸುಮಾರು ಇಮ್ಮಡಿಯಾಗಿ ಕಂಡಿತು. ಅದು ಈ ಒಂದು ರೋಗದ ಗಣತಿಯಲ್ಲ. ಆದರೂ ನರರೋಗವೆಂದರೆ ಪಟ್ಟಣಿಗರ ಕಾಯಿಲೆ ಎನ್ನುವವರಿಗೆ ಅದು ಸಾಕಷ್ಟು ಉತ್ತರ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ರೋಗಿಗೆ ನರರೋಗದ ದೊಡ್ಡ ಆಸ್ಪತ್ರೆಯೆಂದರೆ ಸುಮಾರು ಐವತ್ತು ಅರವತ್ತು ಕಿಲೋಮೀಟರು ದೂರದ ಬೆಂಗಳೂರೇ. ಕಾಲು ಸೋತ ದಿನ ಕೂಲಿ ಬಿಟ್ಟು ಹೊರಡಬೇಕೆ, ಒಂದು ದಿನ ಕಾಯಬಹುದೆ ಎಂಬುದು ಅಲ್ಲಿಯ ಸಂಸಾರಕ್ಕೆ ಸಣ್ಣ ಪ್ರಶ್ನೆಯಲ್ಲ.

ಮರುಕಳಿಕೆಯಲ್ಲಿ ರಕ್ಷಣಾಶಕ್ತಿಯ ಪಾತ್ರವೇನೆಂಬುದನ್ನು 1987ರಲ್ಲಿ ಪ್ರಕಟವಾದ ಒಂದು ಪ್ರಯೋಗ ಕಣ್ಣಿಗೆ ಕಟ್ಟುವಂತೆ ತೋರಿಸಿತು. ಗುಣವಾದೀತೆಂಬ ಆಸೆಯಿಂದ 18 ರೋಗಿಗಳಿಗೆ ಗ್ಯಾಮಾ ಇಂಟರ್‌ಫೆರಾನ್ ಕೊಡಲಾಯಿತು. ಚಿಕಿತ್ಸೆಯ ಕಾಲದಲ್ಲಿಯೇ 7 ಮಂದಿಗೆ ರೋಗ ಮರುಕಳಿಸಿತು. ಬಿಳಿಯ ಕಣಗಳನ್ನು ಕೆರಳಿಸುವ ವಸ್ತು ರೋಗವನ್ನೂ ಕೆರಳಿಸಿತೆಂದಾಯಿತು. ನೆಗಡಿ ಮುಂತಾದ ವೈರಸ್ ಸೋಂಕುಗಳ ತರುವಾಯದ ಕೆಲವು ವಾರಗಳಲ್ಲಿ ಮರುಕಳಿಕೆ ಹೆಚ್ಚುವುದಕ್ಕೂ ಇದೇ ಬಗೆಯ ಕಾರಣವನ್ನು ಊಹಿಸಬಹುದು. ಎಪ್‌ಸ್ಟೈನ್-ಬಾರ್ ವೈರಸ್ಸಿನ ಸಂಗತಿ ಬೇರೆ. ಅದು ಅಂಟಿದ ಮೇಲೆ ಈ ರೋಗದ ಸಂಭವ ಸುಮಾರು 32 ಪಟ್ಟು ಏರುವುದೆಂದು ಅಮೆರಿಕದ ಸೈನಿಕರ ರಕ್ತಪರೀಕ್ಷೆಗಳಿಂದ 2022ರಲ್ಲಿ ತಿಳಿದುಬಂದಿತು. ಆದರೆ ಆ ವೈರಸ್ಸು ಹೆಚ್ಚುಕಡಿಮೆ ಎಲ್ಲರಿಗೂ ಅಂಟುವಂಥದು, ಅದೊಂದೇ ಸಾಲದು. ಧೂಮಪಾನದಿಂದ ರೋಗ ಬಲಿಯುವುದು ನಿಶ್ಚಿತ. ಡಿ ಜೀವಸತ್ವ ಕಡಮೆಯಿದ್ದವರಲ್ಲಿ ಮರುಕಳಿಕೆ ಹೆಚ್ಚು; ಮಾತ್ರೆ ಕೊಟ್ಟು ನೋಡಿದ ಪ್ರಯೋಗಗಳ ಫಲ ಮಾತ್ರ ಒಂದೇ ತೆರನಾಗಿಲ್ಲ.

ಇನ್ನು ಶಾಖದ ವಿಚಾರ. ನಮ್ಮ ಸೀಮೆಯಲ್ಲಿ ಇದಕ್ಕೇ ಹೆಚ್ಚಿನ ಗಮನ ಸಲ್ಲಬೇಕು. ದೇಹಶ್ರಮದಿಂದ ರೋಗಿಯ ದೃಷ್ಟಿ ಮಂಕಾಗಿ, ವಿಶ್ರಾಂತಿಯ ಮೇಲೆ ತಿಳಿಯಾಗುವುದನ್ನು ಜರ್ಮನಿಯ ನೇತ್ರವೈದ್ಯ ಊಟ್‌ಹೋಫ್ 1890ರಲ್ಲಿ ವರದಿ ಮಾಡಿದರು. ಕಾರಣ ಶ್ರಮವಲ್ಲ, ಮೈಯ ಬಿಸಿ. ಹೊದಿಕೆ ಹರಿದ ತಂತುವಿನಲ್ಲಿ ಸಂಜ್ಞೆ ಹೇಗೋ ತೆವಳಿಕೊಂಡು ಸಾಗುತ್ತಿರುತ್ತದೆ. ಅರ್ಧ ಡಿಗ್ರಿ ಶಾಖವೇರಿದರೂ ಅದು ನಿಂತುಹೋಗಬಹುದು. ಹೊಸ ಉರಿಯೂತವಿಲ್ಲ, ಹಳೆಯ ಗಾಯವೇ ಮಾತನಾಡುತ್ತದೆ. ಇದು ಹುಸಿ ಮರುಕಳಿಕೆ. ರಾಮನಗರದ ನೂಲು ಬಿಚ್ಚುವ ಮನೆಗಳಲ್ಲಿ ರೇಷ್ಮೆಗೂಡನ್ನು ಬೇಯಿಸುವ ಬಿಸಿನೀರಿನ ಮುಂದೆ, ಆವಿಯ ನಡುವೆ ದುಡಿಯುವವರಲ್ಲಿ ಇಂಥ ರೋಗಿಯೊಬ್ಬರಿದ್ದರೆ, ಮಧ್ಯಾಹ್ನ ಎಳೆ ಕಾಣದಾಗಿ ಸಂಜೆ ಮತ್ತೆ ಕಾಣುವುದು ಸಹಜವೇ. ತಂಪಾದ ಜಾಗದಲ್ಲಿ ಗಂಟೆಯೆರಡು ಗಂಟೆ ಕುಳಿತರೆ ಇಳಿಯುವ ತೊಂದರೆಗೆ ಸ್ಟೀರಾಯ್ಡ್ ಬೇಕಿಲ್ಲ.

ಇವೆರಡೂ ಗಂಟುಬೀಳುವುದು ಬಾಣಂತಿಯ ಕೋಣೆಯಲ್ಲಿ. ಈ ರೋಗ ಹೆಂಗಸರಲ್ಲಿಯೇ ಹೆಚ್ಚು, ಅದೂ ಹೆರುವ ವಯಸ್ಸಿನಲ್ಲಿ. ಯೂರೋಪಿನ 12 ದೇಶಗಳ 254 ಸ್ತ್ರೀಯರನ್ನು ಕುರಿತು 1998ರಲ್ಲಿ ಹೊರಬಂದ ವರದಿಯ ಪ್ರಕಾರ, ಗರ್ಭಕ್ಕೆ ಮುಂಚೆ ವರ್ಷಕ್ಕೆ 0.7ರಷ್ಟಿದ್ದ ಮರುಕಳಿಕೆ ಗರ್ಭದ ಕೊನೆಯ ಮೂರು ತಿಂಗಳಲ್ಲಿ 0.2ಕ್ಕೆ ಇಳಿದು, ಹೆರಿಗೆಯ ಅನಂತರದ ಮೂರು ತಿಂಗಳಲ್ಲಿ 1.2ಕ್ಕೆ ಏರಿತು. ಮಗುವನ್ನು ಪರವಸ್ತುವೆಂದು ತಳ್ಳದಿರಲು ತಾಯಿಯ ರಕ್ಷಣಾಶಕ್ತಿ ತಗ್ಗಿರುತ್ತದೆ. ಹೆತ್ತ ಮೇಲೆ ಆ ಕಟ್ಟು ಸಡಿಲುತ್ತದೆ. ಸರಿಯಾಗಿ ಅದೇ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಎಣ್ಣೆಯೊತ್ತಿ ಹಂಡೆಗಟ್ಟಲೆ ಬಿಸಿನೀರು ಹೊಯ್ದು, ಕೆಂಡದ ಕಾವು ಕೊಡುತ್ತಾರೆ. ನೀರು ಹಾಕಿಸಿಕೊಂಡ ಬಾಣಂತಿಗೆ ಕಣ್ಣು ಮಂಜಾಯಿತೆಂದರೆ ಅದು ಕಾವಿನಿಂದಲೂ ಇರಬಹುದು, ನಿಜವಾದ ಮರುಕಳಿಕೆಯೂ ಇರಬಹುದು. ಹಿರಿಯರು ‘ನಿಶ್ಶಕ್ತಿ’ ಎಂದು ತಳ್ಳಿಹಾಕುವುದೂ ಉಂಟು. ನೀರನ್ನು ಉಗುರುಬೆಚ್ಚಗೆ ಮಾಡಿ ಒಂದು ಹಗಲು ಒಂದು ಇರುಳು ನೋಡಬೇಕು; ಮಂಜು ಕರಗದಿದ್ದರೆ, ಅಥವಾ ಕಾಲೆರಡೂ ಸೋತು ಮೂತ್ರ ಕಟ್ಟಿದರೆ ಆ ಗಡುವನ್ನೂ ಕಾಯದೆ, ಆಸ್ಪತ್ರೆಗೆ ಕರೆದೊಯ್ಯಬೇಕು.

ವೈದ್ಯರ ಪಾಲಿಗೂ ಒಂದು ಮಾತುಂಟು. ಸ್ಟೀರಾಯ್ಡ್ ಏರಿಸುವ ಮುನ್ನ ಮೂತ್ರಪರೀಕ್ಷೆ ನಡೆಯಬೇಕು. ಅಡಗಿದ ಮೂತ್ರಸೋಂಕು ಹುಸಿ ಮರುಕಳಿಕೆಯ ಸಾಮಾನ್ಯ ಕಾರಣ. ಎರಡು ಕಣ್ಣೂ ಒಟ್ಟಿಗೆ ಕೆಟ್ಟು ಬೆನ್ನುಹುರಿಯಲ್ಲಿ ಉದ್ದನೆಯ ಗಾಯ ಕಂಡರೆ, 2004ರಲ್ಲಿ ಪತ್ತೆಯಾದ ಪ್ರತಿಕಾಯಕ್ಕಾಗಿ ರಕ್ತವನ್ನು ಪರೀಕ್ಷಿಸಬೇಕು. ಅದು ನ್ಯೂರೋಮಯಲೈಟಿಸ್ ಆಪ್ಟಿಕಾ ಎಂಬ ಬೇರೆಯೇ ರೋಗ. ಮಲ್ಟಿಪಲ್ ಸ್ಕ್ಲೆರೋಸಿಸ್ಸಿಗೆ ಕೊಡುವ ಬೀಟಾ ಇಂಟರ್‌ಫೆರಾನ್ ಅದನ್ನು ಉಲ್ಬಣಗೊಳಿಸಬಲ್ಲದು.