ಫೋನ್ ಬದಲಿಸಿ, ಉಮ್ಮನ ಧ್ವನಿ ಕಳೆದುಕೊಳ್ಳಬೇಡಿ

ಗಲ್ಫ್‌ನಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಒಂದು ಕಾಲದಲ್ಲಿ ಅತ್ತರು, ಟಾರ್ಚು, ಟೇಪ್ ರೆಕಾರ್ಡರ್ ಇರುತ್ತಿದ್ದವು. ಈಗ ಹೆಚ್ಚಾಗಿ ಬರುವುದು ಫೋನ್. ತಾನು ಎರಡು ವರ್ಷ ಬಳಸಿದ ಐಫೋನನ್ನು ಮಗ ತಂದೆಯ ಕೈಗಿಡುತ್ತಾನೆ. ಅಣ್ಣ ತಂಗಿಗೆ ಕೊಡುತ್ತಾನೆ. ಅದೇ ಸಂಜೆ ಹಳೆ ಆಂಡ್ರಾಯ್ಡ್ ಫೋನಿನ ಸಿಮ್ ತೆಗೆದು ಹೊಸದಕ್ಕೆ ಹಾಕುತ್ತಾರೆ, ವಾಟ್ಸಾಪ್ ತೆರೆಯುತ್ತಾರೆ, ಹಳೆಯದನ್ನು ಎಲ್ಲ ಅಳಿಸಿ ಮಕ್ಕಳಿಗೋ ಅಂಗಡಿಗೋ ಕೊಟ್ಟುಬಿಡುತ್ತಾರೆ. ನಾಲ್ಕು ದಿನ ಕಳೆದ ಮೇಲೆ ಯಾರೋ ಕೇಳುತ್ತಾರೆ: “ಉಮ್ಮ ಕಳುಹಿಸಿದ ವಾಯ್ಸ್ ಮೆಸೇಜ್‌ಗಳೆಲ್ಲ ಎಲ್ಲಿ?” ಆ ಉಮ್ಮ ಈಗ ಬದುಕಿಲ್ಲದಿದ್ದರೆ ಈ ಪ್ರಶ್ನೆಗೆ ಮನೆಯಲ್ಲಿ ಯಾರ ಬಳಿಯೂ ಉತ್ತರವಿರುವುದಿಲ್ಲ.

ಇದು ತಪ್ಪಿಸಬಹುದಾದ ನಷ್ಟ. ಅದಕ್ಕೆ ಮೊದಲು ಇದು ಯಾಕೆ ಆಗುತ್ತದೆಂದು ತಿಳಿದುಕೊಳ್ಳಬೇಕು.

ಎರಡು ಫೋನ್, ಎರಡು ಉಗ್ರಾಣ

ಆಂಡ್ರಾಯ್ಡ್ ಗೂಗಲ್ ಕಂಪೆನಿಯದು. ಐಫೋನಿನಲ್ಲಿರುವ ಐಓಎಸ್ ಆ್ಯಪಲ್ ಕಂಪೆನಿಯದು. ಹೊರನೋಟಕ್ಕೆ ಎರಡರಲ್ಲೂ ಒಂದೇ ವಾಟ್ಸಾಪ್ ಇದ್ದರೂ, ಅದರ ಬ್ಯಾಕಪ್ ಆಂಡ್ರಾಯ್ಡ್‌ನಲ್ಲಿ ಗೂಗಲ್ ಖಾತೆಗೆ ಹೋಗುತ್ತದೆ, ಐಫೋನ್‌ನಲ್ಲಿ ಐಕ್ಲೌಡ್‌ಗೆ ಹೋಗುತ್ತದೆ. ಒಂದರ ಉಗ್ರಾಣದ ಬೀಗ ಇನ್ನೊಂದರ ಕೀಲಿಗೆ ತೆರೆಯುವುದಿಲ್ಲ. “ಬ್ಯಾಕಪ್ ಇದೆಯಲ್ಲ, ಆಮೇಲೆ ತೆಗೆದರಾಯಿತು” ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು.

ಇನ್ನೊಂದು ಸಂಗತಿ ನಮ್ಮನ್ನು ಮೋಸಗೊಳಿಸುತ್ತದೆ. ಹೊಸ ಫೋನಿನಲ್ಲಿ ಅದೇ ನಂಬರ್ ಹಾಕಿದ ಕೂಡಲೇ ಮೊಹಲ್ಲಾದ ಗುಂಪು, ಕುಟುಂಬದ ಗುಂಪು, ಶಾಲೆಯ ಗುಂಪು ಎಲ್ಲ ಕಾಣಿಸಿಕೊಳ್ಳುತ್ತವೆ. ಎಲ್ಲವೂ ಬಂತು ಎಂದುಕೊಳ್ಳುತ್ತೇವೆ. ಆದರೆ ನೀವು ಯಾವ ಗುಂಪಿನಲ್ಲಿದ್ದೀರಿ ಎಂಬುದು ಮಾತ್ರ ವಾಟ್ಸಾಪ್‌ನ ಸರ್ವರ್‌ನಲ್ಲಿ ಇರುತ್ತದೆ. ನಿಮಗೆ ತಲುಪಿದ ಮಾತು, ಚಿತ್ರ, ಧ್ವನಿ ಇರುವುದು ನಿಮ್ಮ ಫೋನಿನಲ್ಲಿ. ಆದ್ದರಿಂದ ಹಳೆಯ ಫೋನಿನಿಂದ ಅವುಗಳನ್ನು ಸಾಗಿಸಲೇಬೇಕು.

ಆಂಡ್ರಾಯ್ಡ್‌ನಿಂದ ಐಫೋನ್‌ಗೆ

2022ರಿಂದ ಇದಕ್ಕೆ ಅಧಿಕೃತ ದಾರಿಯಿದೆ. ಆ್ಯಪಲ್ ಕಂಪೆನಿಯದೇ ಆದ ‘ಮೂವ್ ಟು ಐಓಎಸ್’ ಎಂಬ ಆ್ಯಪನ್ನು ಹಳೆ ಆಂಡ್ರಾಯ್ಡ್‌ನಲ್ಲಿ ಹಾಕಿಕೊಳ್ಳಿ. ಐಫೋನ್ ಹೊಸದಾಗಿರಬೇಕು, ಇಲ್ಲವೇ ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರುಮಾಡುವ ಸ್ಥಿತಿಯಲ್ಲಿರಬೇಕು. ಮಗ ಬಳಸಿದ ಫೋನಾದರೆ ಅವನ ಆ್ಯಪಲ್ ಖಾತೆಯಿಂದ ಹೊರಬಂದು ಅಳಿಸಿಯೇ ಕೊಡಬೇಕು. ಎರಡೂ ಫೋನನ್ನು ಚಾರ್ಜರ್‌ಗೆ ಹಾಕಿ, ಒಂದೇ ವೈಫೈಗೆ ಸೇರಿಸಿ.

ಐಫೋನ್ ಶುರುಮಾಡುವಾಗ ಆಂಡ್ರಾಯ್ಡ್‌ನಿಂದ ತರುವ ಆಯ್ಕೆ ಬರುತ್ತದೆ. ಅದನ್ನು ಒತ್ತಿದರೆ ಕೆಲವು ಅಂಕೆಗಳ ಕೋಡ್ ಕಾಣುತ್ತದೆ. ಅದನ್ನು ಹಳೆ ಫೋನಿನಲ್ಲಿ ಹಾಕಿ, ಸಾಗಿಸಬೇಕಾದವುಗಳ ಪಟ್ಟಿಯಲ್ಲಿ ವಾಟ್ಸಾಪನ್ನೂ ಗುರುತಿಸಿ. ಬಹಳ ಮಂದಿ ಚಿತ್ರ ಮತ್ತು ನಂಬರ್‌ಗಳನ್ನು ಗುರುತಿಸಿ ಇದನ್ನೇ ಬಿಟ್ಟುಬಿಡುತ್ತಾರೆ. ಕೆಲಸ ಮುಗಿದ ಮೇಲೆ ಐಫೋನಿನಲ್ಲಿ ವಾಟ್ಸಾಪ್ ಹಾಕಿ ಅದೇ ನಂಬರ್‌ನಿಂದ ತೆರೆಯಿರಿ. ಐಫೋನನ್ನು ಆಗಲೇ ಬಳಸತೊಡಗಿದ್ದರೆ ಅದನ್ನು ಅಳಿಸಿ ಮತ್ತೆ ಶುರುಮಾಡಬೇಕಾದೀತು. ಹಾಗಾಗಿ ಮೊದಲ ದಿನ ಆತುರ ಬೇಡ.

ಐಫೋನ್‌ನಿಂದ ಆಂಡ್ರಾಯ್ಡ್‌ಗೆ

ಇಲ್ಲಿ ಎರಡು ಫೋನನ್ನು ಕೇಬಲ್‌ನಿಂದ ಜೋಡಿಸಬೇಕು. ಹಳೆಯ ಐಫೋನಿಗೆ ಬೇಕಾಗುವುದು ಒಂದು ತುದಿ ಲೈಟ್ನಿಂಗ್, ಇನ್ನೊಂದು ತುದಿ ಟೈಪ್-ಸಿ ಇರುವ ಕೇಬಲ್. ಆಂಡ್ರಾಯ್ಡ್ ಫೋನ್ ಹೊಸದಾಗಿರಬೇಕು ಅಥವಾ ಅಳಿಸಿದ್ದಾಗಿರಬೇಕು. ಅದರಲ್ಲಿ ಆಂಡ್ರಾಯ್ಡ್ 12 ಅಥವಾ ಅದಕ್ಕಿಂತ ಮೇಲಿನದು ಇದ್ದರೆ ಒಳ್ಳೆಯದು. ಶುರುಮಾಡುವಾಗ ಬರುವ ಕ್ಯೂಆರ್ ಕೋಡನ್ನು ಐಫೋನಿನಿಂದ ಸ್ಕ್ಯಾನ್ ಮಾಡಿದರೆ ಸಾಗಣೆ ಆರಂಭವಾಗುತ್ತದೆ.

ಐಫೋನಿನಿಂದ ಸಿಮ್ ತೆಗೆಯುವ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಐಮೆಸೇಜನ್ನು ಆಫ್ ಮಾಡಿ. ಮಾಡದಿದ್ದರೆ ಬೇರೆ ಐಫೋನಿನವರು ನಿಮಗೆ ಕಳುಹಿಸುವ ಸಂದೇಶಗಳು ಹಳೆಯ ದಾರಿಯಲ್ಲೇ ಹೋಗಿ, ನಿಮ್ಮ ಕೈಗೆ ತಲುಪದೆ ಉಳಿಯಬಹುದು.

ಮುಖ್ಯ ಧ್ವನಿಗಳನ್ನು ಬೇರೆಯಾಗಿಡಿ

ಸಾಗಣೆ ಮಧ್ಯದಲ್ಲಿ ನಿಂತುಹೋಗುವುದೂ ಉಂಟು. ಅದಕ್ಕಾಗಿ ಫೋನ್ ಬದಲಿಸುವ ಮುನ್ನ ಒಂದು ಗಂಟೆ ಕುಳಿತು, ಮತ್ತೆಂದೂ ಸಿಗದ ಧ್ವನಿ ಮತ್ತು ಚಿತ್ರಗಳನ್ನು ಆರಿಸಿ. ಸಂದೇಶವನ್ನು ಒತ್ತಿಹಿಡಿದು ಶೇರ್ ಮೂಲಕ ಗೂಗಲ್ ಡ್ರೈವ್‌ಗೋ ಇಮೇಲ್‌ಗೋ ಕಳುಹಿಸಿ. ಅಕ್ಕನಿಗೆ, ತಮ್ಮನಿಗೆ ಫಾರ್ವರ್ಡ್ ಮಾಡಿ. ಒಂದು ಧ್ವನಿ ಮೂರು ಮನೆಯಲ್ಲಿದ್ದರೆ ಅದು ಅಷ್ಟು ಸುಲಭವಾಗಿ ಕಳೆದುಹೋಗುವುದಿಲ್ಲ. ವಾಟ್ಸಾಪ್‌ನಲ್ಲಿರುವ ‘ಎಕ್ಸ್‌ಪೋರ್ಟ್ ಚಾಟ್’ನಿಂದ ಒಬ್ಬರ ಜೊತೆಗಿನ ಮಾತುಕತೆಯನ್ನು ಪ್ರತ್ಯೇಕ ಫೈಲ್ ಆಗಿ ಇಟ್ಟುಕೊಳ್ಳಬಹುದು. ಆದರೆ ಆ ಫೈಲನ್ನು ಮತ್ತೆ ವಾಟ್ಸಾಪ್ ಒಳಗೆ ಸೇರಿಸಲಾಗದು, ಓದಲು ಮಾತ್ರ ಆಗುತ್ತದೆ.

ವಾಟ್ಸಾಪ್‌ಗೆ ಆರು ಅಂಕೆಯ ಪಿನ್ ಇಟ್ಟಿದ್ದರೆ ಅದು ನೆನಪಿದೆಯೇ ನೋಡಿ. ಸೌದಿಯಲ್ಲೋ ದುಬೈಯಲ್ಲೋ ಇದ್ದುಕೊಂಡು ಊರಿನ ನಂಬರ್‌ನಲ್ಲಿ ವಾಟ್ಸಾಪ್ ಬಳಸುವವರು ಇನ್ನೊಂದನ್ನು ಗಮನಿಸಬೇಕು. ರೀಚಾರ್ಜ್ ಇಲ್ಲದೆ ಊರಿನ ಸಿಮ್ ನಿಂತುಹೋಗಿದ್ದರೆ ಓಟಿಪಿ ಬರುವುದಿಲ್ಲ, ಹೊಸ ಫೋನಿನಲ್ಲಿ ವಾಟ್ಸಾಪ್ ತೆರೆಯುವುದೂ ಇಲ್ಲ. ಮೊದಲು ಸಿಮ್ ಜೀವಂತವಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ನಂಬರ್, ಚಿತ್ರ, ಹಣ

ನಂಬರ್‌ಗಳು ಸಿಮ್‌ನಲ್ಲಿ, ಫೋನಿನಲ್ಲಿ, ಗೂಗಲ್ ಖಾತೆಯಲ್ಲಿ ಹೀಗೆ ಮೂರು ಕಡೆ ಹರಡಿಕೊಂಡಿರುತ್ತವೆ. ಹಿರಿಯರ ಫೋನಿನಲ್ಲಂತೂ ಅರ್ಧ ಸಿಮ್‌ನಲ್ಲಿ, ಅರ್ಧ ಫೋನಿನಲ್ಲಿ. ಬದಲಿಸುವ ಮುನ್ನ ಎಲ್ಲವನ್ನೂ ಗೂಗಲ್ ಖಾತೆಗೆ ಸೇರಿಸಿ. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಕಾಂಟ್ಯಾಕ್ಟ್ಸ್ ಭಾಗಕ್ಕೆ ಹೋಗಿ ಅದೇ ಗೂಗಲ್ ಖಾತೆ ಹಾಕಿದರೆ ನಂಬರ್‌ಗಳು ಅಲ್ಲಿಗೂ ಬರುತ್ತವೆ.

ಚಿತ್ರಗಳಿಗೆ ಗೂಗಲ್ ಫೋಟೋಸ್ ಎರಡು ಬಗೆಯ ಫೋನಿನಲ್ಲೂ ಕೆಲಸ ಮಾಡುತ್ತದೆ. ಆದರೆ ಉಚಿತವಾಗಿ ಸಿಗುವುದು 15 ಜಿಬಿ, ಅದೂ ಜಿಮೇಲ್ ಮತ್ತು ಡ್ರೈವ್ ಎಲ್ಲ ಸೇರಿ. ಐಕ್ಲೌಡ್‌ನಲ್ಲಿ ಉಚಿತ 5 ಜಿಬಿ ಮಾತ್ರ. ಜಾಗ ತುಂಬಿದ್ದರೆ ಬ್ಯಾಕಪ್ ಸದ್ದಿಲ್ಲದೆ ನಿಂತಿರುತ್ತದೆ, ತೆರೆದು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಮದುವೆಯ, ಮಕ್ಕಳ, ಹಜ್ ಯಾತ್ರೆಯ ಚಿತ್ರಗಳ ಒಂದು ಪ್ರತಿ ಕಂಪ್ಯೂಟರಿನಲ್ಲೋ ಪೆನ್‌ಡ್ರೈವ್‌ನಲ್ಲೋ ಇರಲಿ.

ಯುಪಿಐ ಆ್ಯಪ್‌ಗಳು ಸಿಮ್ ಮತ್ತು ಫೋನ್ ಎರಡನ್ನೂ ಗುರುತಿಟ್ಟುಕೊಳ್ಳುತ್ತವೆ. ಆದ್ದರಿಂದ ಹೊಸ ಫೋನಿನಲ್ಲಿ ಮತ್ತೆ ನೋಂದಾಯಿಸಬೇಕು. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿ ಇರಬೇಕು, ಎಸ್‌ಎಂಎಸ್ ಕಳುಹಿಸುವಷ್ಟು ಬ್ಯಾಲೆನ್ಸೂ ಇರಬೇಕು. ಐಫೋನಿನಲ್ಲಿ ಆ ಎಸ್‌ಎಂಎಸ್ ತಾನಾಗಿ ಹೋಗುವುದಿಲ್ಲ, ನೀವೇ ಸೆಂಡ್ ಒತ್ತಬೇಕು. ಆರಂಭದಲ್ಲಿ ಸ್ವಲ್ಪ ಕಾಲ ಕಳುಹಿಸಬಹುದಾದ ಮೊತ್ತಕ್ಕೆ ಮಿತಿ ಇರುತ್ತದೆ. ಆಸ್ಪತ್ರೆಯ ಬಿಲ್ಲು, ಮದುವೆಯ ಖರ್ಚು ಎದುರಿಗಿರುವ ವಾರದಲ್ಲಿ ಫೋನ್ ಬದಲಿಸಬೇಡಿ. “ನಾನು ಬ್ಯಾಂಕಿನಿಂದ, ಹೊಸ ಫೋನಿಗೆ ಸೆಟ್ ಮಾಡಿಕೊಡುತ್ತೇನೆ” ಎಂದು ಕರೆ ಬಂದರೆ ಓಟಿಪಿಯನ್ನಾಗಲಿ ಪಿನ್ನನ್ನಾಗಲಿ ಹೇಳಬೇಡಿ.

ಅಸರ್ ಸಮಯ ಯಾಕೆ ಬದಲಾಯಿತು?

ಫೋನ್ ಬದಲಿಸಿದವರು ಕೇಳುವ ಸಾಮಾನ್ಯ ಪ್ರಶ್ನೆಯಿದು. ನಮಾಝ್ ಸಮಯದ ಆ್ಯಪ್ ಅದೇ ಆಗಿದ್ದರೂ ಅದರಲ್ಲಿ ನೀವು ಮಾಡಿದ ಆಯ್ಕೆಗಳು ಹೊಸ ಫೋನಿಗೆ ಬಂದಿರುವುದಿಲ್ಲ. ನಡುಹಗಲಿನ ನೆರಳನ್ನು ಬಿಟ್ಟು, ವಸ್ತುವಿನ ನೆರಳು ಅದರಷ್ಟೇ ಉದ್ದವಾದಾಗ ಶಾಫಿಈ ಮದ್‌ಹಬ್ ಪ್ರಕಾರ ಅಸರ್ ಆರಂಭ. ಹನಫಿ ಪ್ರಕಾರ ಎರಡರಷ್ಟಾದಾಗ. ಕರಾವಳಿಯಲ್ಲಿ ಶಾಫಿಈಗಳು ಹೆಚ್ಚು, ಒಳನಾಡಿನಲ್ಲಿ ಹನಫಿಗಳು ಹೆಚ್ಚು. ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ನಿಮ್ಮದನ್ನು ಆರಿಸಿ, ನಿಮ್ಮ ಮಸೀದಿಯ ವೇಳಾಪಟ್ಟಿಗೆ ಹೋಲಿಸಿ ನೋಡಿ. ಲೊಕೇಶನ್ ಅನುಮತಿ ಕೊಡದಿದ್ದರೂ ಸಮಯ ತಪ್ಪಬಹುದು.

ಐಫೋನಿನಲ್ಲಿ ಅಝಾನ್ ಅರ್ಧಕ್ಕೇ ನಿಲ್ಲುತ್ತದೆ ಎಂದು ಕೆಲವರು ದೂರುತ್ತಾರೆ. ಆ್ಯಪ್ ಕೆಟ್ಟಿಲ್ಲ. ನೋಟಿಫಿಕೇಶನ್ ಧ್ವನಿ 30 ಸೆಕೆಂಡ್‌ಗಿಂತ ಹೆಚ್ಚಿರಬಾರದೆಂಬ ಮಿತಿ ಅಲ್ಲಿದೆ. ಕುರ್‌ಆನ್ ಆ್ಯಪಿನಲ್ಲಿ ಓದಿ ನಿಲ್ಲಿಸಿದ ಗುರುತುಗಳೂ ಹಲವು ಬಾರಿ ಹಳೆ ಫೋನಿನಲ್ಲೇ ಉಳಿಯುತ್ತವೆ. ಅವುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕನ್ನಡ, ಉರ್ದು ಕೀಬೋರ್ಡುಗಳನ್ನು ಹೊಸ ಫೋನಿನಲ್ಲಿ ನೀವೇ ಸೇರಿಸಬೇಕು. ಬ್ಯಾರಿಯನ್ನು ಕನ್ನಡ ಅಕ್ಷರದಲ್ಲಿ ಬರೆಯುವ ನಮ್ಮ ತಾಯಂದಿರಿಗೆ ಇದನ್ನು ಮೊದಲ ದಿನವೇ ಮಾಡಿಕೊಡಿ.

ಹಳೆ ಫೋನನ್ನು ಕೈಬಿಡುವ ಮುನ್ನ

ಸಾಗಣೆಯಾದ ಮೇಲೂ ಹಳೆ ಫೋನಿನ ವಾಟ್ಸಾಪ್‌ನಲ್ಲಿದ್ದ ಮಾಹಿತಿ ನೀವಾಗಿ ಅಳಿಸುವವರೆಗೆ ಅಲ್ಲೇ ಇರುತ್ತದೆ. ಇದೇ ನಿಮ್ಮ ಕೊನೆಯ ರಕ್ಷಣೆ. ಕನಿಷ್ಠ ಎರಡು ವಾರ ಅದನ್ನು ಕಪಾಟಿನಲ್ಲಿಡಿ. ಈ ಅವಧಿಯಲ್ಲಿ ಹೊಸ ಫೋನಿನಲ್ಲಿ ಹಳೆಯ ಧ್ವನಿಯೊಂದನ್ನು ನಿಜವಾಗಿ ನುಡಿಸಿ ಕೇಳಿ, ಮೂರು ವರ್ಷದ ಹಿಂದಿನ ಚಿತ್ರ ತೆರೆಯಿರಿ, ಬ್ಯಾಂಕ್ ಆ್ಯಪ್ ನೋಡಿ.

ಎಲ್ಲ ಸರಿಯಿದ್ದರೆ ಹಳೆ ಫೋನಿನಿಂದ ಗೂಗಲ್ ಅಥವಾ ಆ್ಯಪಲ್ ಖಾತೆಯನ್ನು ತೆಗೆಯಿರಿ. ತೆಗೆಯದೆ ಅಳಿಸಿದರೆ ಕೊಂಡವರು ಫೋನ್ ತೆರೆಯಲಾಗದೆ ನಿಮ್ಮ ಪಾಸ್‌ವರ್ಡ್ ಕೇಳಿಕೊಂಡು ಬರುತ್ತಾರೆ. ಆಮೇಲೆ ಸೆಟ್ಟಿಂಗ್ಸ್‌ನ ಮೂಲಕ ಪೂರ್ತಿ ರೀಸೆಟ್ ಮಾಡಿ. ಒಂದೊಂದೇ ಚಿತ್ರ ಅಳಿಸಿದರೆ ಸಾಲದು. ಮೆಮೊರಿ ಕಾರ್ಡ್ ಇದ್ದರೆ ತೆಗೆದಿಟ್ಟುಕೊಳ್ಳಿ, ರೀಸೆಟ್ ಮಾಡಿದರೂ ಅದರಲ್ಲಿರುವುದು ಉಳಿದಿರಬಹುದು.

ಫೋನ್ ನಮ್ಮದಾದರೂ ಅದರೊಳಗಿರುವುದೆಲ್ಲ ನಮ್ಮದಲ್ಲ. ಮನೆಯ ಹೆಣ್ಣುಮಕ್ಕಳ ಚಿತ್ರಗಳಿವೆ, ನಂಬಿ ಹೇಳಿಕೊಂಡವರ ಮಾತುಗಳಿವೆ, ಜಮಾಅತ್‌ನ ಖಜಾಂಚಿಯ ಫೋನಾದರೆ ಊರವರ ಚಂದಾದ ಲೆಕ್ಕವಿದೆ. ಅವೆಲ್ಲ ಅಮಾನತ್. ಕಳೆದುಹೋಗಬಾರದು, ಪರರ ಕೈಗೂ ಸಿಗಬಾರದು. ಮನೆಯಲ್ಲಿ ಈ ಕೆಲಸ ಬಲ್ಲ ಮಕ್ಕಳಿದ್ದರೆ ಹಿರಿಯರ ಪಕ್ಕದಲ್ಲಿ ಕುಳಿತು, ಅವರನ್ನು ಕೇಳಿಕೊಂಡೇ ಮಾಡಿಕೊಡಲಿ. ಯಾವ ಧ್ವನಿ ಬೇಕು, ಯಾವುದು ಬೇಡ ಎಂದು ಹೇಳಬಲ್ಲವರು ಅವರು ಮಾತ್ರ.