ಚಿಟ್ಟೆ ಸಾಕಿದರೆ ಖಿನ್ನತೆ ವಾಸಿಯಾಗುತ್ತದೆಯೇ? ರೆಕ್ಕೆಯ ಪುಡಿಗೆ ಕಣ್ಣು ಹೋಗುತ್ತದೆಯೇ? ಇಲ್ಲಿದೆ ವಾಸ್ತವ

ಪಿರಿಯಾಪಟ್ಟಣ ತಾಲ್ಲೂಕಿನ ಓದುಗರೊಬ್ಬರು ನಮಗೆ ಒಂದು ವಿಡಿಯೋ ಕಳಿಸಿದ್ದರು. ಅದರಲ್ಲಿ ವಿದೇಶಿ ಮಹಿಳೆಯೊಬ್ಬರು ಮನೆಯೊಳಗೆ ಮೊನಾರ್ಕ್ ಚಿಟ್ಟೆ ಸಾಕಿ, ಬೆರಳ ತುದಿಯಿಂದ ಹಾರಿಬಿಡುತ್ತಾರೆ. ವಿಡಿಯೋ ಕೆಳಗೆ ಕನ್ನಡದಲ್ಲಿ ‘ಚಿಟ್ಟೆ ಸಾಕಿ, ಖಿನ್ನತೆಯ ಮಾತ್ರೆ ಬಿಸಾಕಿ’ ಎಂದು ಬರೆದಿತ್ತು.

ಆ ಓದುಗರ ತಾಯಿ, ಯಜಮಾನರು ತೀರಿಕೊಂಡ ಮೇಲೆ ಮಂಕಾಗಿದ್ದಾರೆ. ವೈದ್ಯರು ಕೊಟ್ಟ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಇತ್ತೀಚೆಗೆ ಹಿತ್ತಲ ಎಕ್ಕದ ಗಿಡದಲ್ಲಿರುವ ಹುಳುಗಳನ್ನು ನೋಡುತ್ತಾ ಕೂರುವುದು ಅವರಿಗೆ ಅಭ್ಯಾಸವಾಗಿದೆ. ‘ಅಮ್ಮ ಮೊದಲಿಗಿಂತ ಎರಡು ಮಾತು ಜಾಸ್ತಿ ಆಡ್ತಾರೆ. ಹಾಗಾದ್ರೆ ಮಾತ್ರೆ ನಿಲ್ಲಿಸಬಹುದಾ?’ ಎಂಬುದು ಅವರ ಮೊದಲ ಪ್ರಶ್ನೆ. ‘ಚಿಟ್ಟೆ ಪುಡಿ ಕಣ್ಣಿಗೆ ಬಿದ್ರೆ ಕಣ್ಣು ಹೋಗುತ್ತೆ ಅಂತ ಪಕ್ಕದ ಮನೆಯವರು ಹೆದರಿಸ್ತಿದ್ದಾರೆ, ನಿಜವಾ?’ ಎಂಬುದು ಎರಡನೆಯದು.

ಚುಟುಕಾಗಿ ಹೇಳುವುದಾದರೆ, ಮಾತ್ರೆ ನಿಲ್ಲಿಸಬೇಡಿ. ಚಿಟ್ಟೆ ನೋಡುವುದನ್ನೂ ನಿಲ್ಲಿಸಬೇಕಿಲ್ಲ. ರೆಕ್ಕೆಯ ಪುಡಿಗೆ ಹೆದರುವ ಬದಲು ಎಕ್ಕದ ಹಾಲಿನ ಬಗ್ಗೆ ಎಚ್ಚರವಿರಲಿ. ಯಾಕೆ ಎಂಬುದನ್ನು ಈಗ ನೋಡೋಣ.

ವಿಡಿಯೋದಲ್ಲಿರುವ ಚಿಟ್ಟೆ ನಮ್ಮ ಊರಲ್ಲಿದೆಯೇ?

ಮೊನಾರ್ಕ್ ಕರ್ನಾಟಕದ ಚಿಟ್ಟೆಯಲ್ಲ. ಉತ್ತರ ಅಮೆರಿಕದಲ್ಲಿ ಸಾವಿರಾರು ಕಿಲೋಮೀಟರ್ ವಲಸೆ ಹೋಗುವುದರಿಂದ ಅದು ಜಗತ್ಪ್ರಸಿದ್ಧ. ಚಳಿಗಾಲ ಕಳೆಯಲು ಅವು ಮೆಕ್ಸಿಕೋದ ಬೆಟ್ಟಗಳಲ್ಲಿ ಸೇರುವ ಜಾಗ ವಿಜ್ಞಾನಿಗಳಿಗೆ ಗೊತ್ತಾಗಿದ್ದೇ 1975ರಲ್ಲಿ.

ಆದರೆ ಅದರ ಹತ್ತಿರದ ಸಂಬಂಧಿ ನಮ್ಮಲ್ಲಿದೆ. ಹೆಸರು ಪ್ಲೇನ್ ಟೈಗರ್. ಮೊನಾರ್ಕ್ ಮತ್ತು ಇದು ಎರಡೂ ‘ಡನಾಸ್’ ಎಂಬ ಒಂದೇ ಕುಲಕ್ಕೆ ಸೇರಿದವು. ಕಿತ್ತಳೆ ಬಣ್ಣದ ರೆಕ್ಕೆ, ತುದಿಯಲ್ಲಿ ಕಪ್ಪು, ಅದರಲ್ಲಿ ಬಿಳಿ ಮಚ್ಚೆ ಇದ್ದರೆ ಬಹುತೇಕ ಅದೇ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ರಸ್ತೆ ಬದಿಯ ಎಕ್ಕದ ಗಿಡದ ಹತ್ತಿರ ಐದು ನಿಮಿಷ ನಿಂತರೆ ಕಾಣಸಿಗುವ ಸಾಧ್ಯತೆ ಹೆಚ್ಚು.

ವಲಸೆಯೂ ಅಮೆರಿಕದ ಸೊತ್ತಲ್ಲ. ಬ್ಲೂ ಟೈಗರ್, ಕಾಮನ್ ಕ್ರೋ ಮುಂತಾದ ನಮ್ಮ ಚಿಟ್ಟೆಗಳು ಮುಂಗಾರಿಗೆ ಮುನ್ನ ಪಶ್ಚಿಮ ಘಟ್ಟದಿಂದ ಪೂರ್ವದ ಬಯಲಿನ ಕಡೆಗೂ, ಮಳೆಗಾಲ ಮುಗಿದ ಮೇಲೆ ಮತ್ತೆ ಘಟ್ಟದ ಕಡೆಗೂ ಗುಂಪು ಗುಂಪಾಗಿ ಹಾರುತ್ತವೆ.

ಎಕ್ಕದ ಎಲೆಯ ಮೇಲೆ ನಡೆಯುವುದೇನು?

ತಾಯಿ ಚಿಟ್ಟೆ ಎಲೆಯ ಮೇಲೆ ಒಂದೊಂದೇ ಮೊಟ್ಟೆಯಿಡುತ್ತದೆ, ಹೆಚ್ಚಾಗಿ ಎಲೆಯ ಅಡಿಯಲ್ಲಿ. ಮೊಟ್ಟೆಯೊಡೆದು ಬಂದ ಹುಳು ಮೊದಲು ತಿನ್ನುವುದು ತನ್ನ ಮೊಟ್ಟೆಯ ಸಿಪ್ಪೆಯನ್ನೇ. ಆಮೇಲೆ ಎಲೆ. ಕಪ್ಪು, ಬಿಳಿ, ಹಳದಿ ಪಟ್ಟೆಯ ಈ ಹುಳುವಿನ ಬೆನ್ನ ಮೇಲೆ ಮೂರು ಜೊತೆ ಕಪ್ಪು ಕೊಂಬುಗಳಿರುತ್ತವೆ. ಮೊನಾರ್ಕ್ ಹುಳುವಿಗೆ ಎರಡೇ ಜೊತೆ.

ರೇಷ್ಮೆ ಸಾಕಿದವರಿಗೆ ಮುಂದಿನದನ್ನು ಹೇಳಿಕೊಡಬೇಕಿಲ್ಲ. ರೇಷ್ಮೆ ಹುಳು ಜ್ವರಕ್ಕೆ ಕೂರುವ ಹಾಗೆ ಇದೂ ನಾಲ್ಕು ಸಲ ಮೇವು ಬಿಟ್ಟು ಸುಮ್ಮನಿದ್ದು ಚರ್ಮ ಕಳಚುತ್ತದೆ. ಐದನೇ ಹಂತದಲ್ಲಿ ಹೊಟ್ಟೆ ತುಂಬಿದ ಮೇಲೆ ತಲೆಕೆಳಗಾಗಿ ನೇತುಬಿದ್ದು ಪ್ಯೂಪಾ ಆಗುತ್ತದೆ. ಒಂದು ವ್ಯತ್ಯಾಸವಿದೆ: ಇದು ರೇಷ್ಮೆಗೂಡು ಸುತ್ತುವುದಿಲ್ಲ. ಚರ್ಮದಡಿಯ ನುಣುಪಾದ ಪ್ಯೂಪಾವೇ ಅದರ ಮನೆ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಚಿಟ್ಟೆಯವರೆಗೆ ಮೂರು ವಾರದಿಂದ ಒಂದು ತಿಂಗಳು ಬೇಕು.

ಎಕ್ಕದ ಹಾಲಿನ ವಿಷದಿಂದ ಈ ಹುಳುವಿಗೆ ತೊಂದರೆಯಿಲ್ಲ. ವಿಷದ ಸ್ವಲ್ಪ ಭಾಗವನ್ನು ಅದು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಹಾಗಾಗಿ ಹಕ್ಕಿಗಳಿಗೆ ಈ ಚಿಟ್ಟೆ ಅಷ್ಟಾಗಿ ರುಚಿಸುವುದಿಲ್ಲ.

ರೆಕ್ಕೆಯ ಪುಡಿ ಬಿದ್ದರೆ ಕಣ್ಣು ಹೋಗುತ್ತದೆಯೇ?

ಇಲ್ಲ. ಕೈಗೆ ಅಂಟುವ ಪುಡಿ ಎಂದರೆ ರೆಕ್ಕೆಯನ್ನು ಹೆಂಚಿನಂತೆ ಮುಚ್ಚಿರುವ ಸಣ್ಣ ಹುರುಪೆಗಳು. ಕಣ್ಣಿಗೆ ಬಿದ್ದರೆ ಧೂಳಿನಂತೆ ಚುರುಗುಟ್ಟಬಹುದು, ಕೆಲವರಿಗೆ ಅಲರ್ಜಿಯಾಗಬಹುದು. ಕುರುಡುತನ ಬರುವುದಿಲ್ಲ.

ನಿಜವಾಗಿ ಹುಷಾರಾಗಿರಬೇಕಾದ ವಸ್ತುಗಳು ಎರಡು. ಒಂದು, ಮೈತುಂಬ ರೋಮವಿರುವ ಕಂಬಳಿ ಹುಳು. ಅದರ ರೋಮ ಚರ್ಮಕ್ಕೆ ಉರಿ ತರುತ್ತದೆ, ಕಣ್ಣಿಗೆ ನಾಟಿಕೊಂಡರೆ ವೈದ್ಯರೇ ತೆಗೆಯಬೇಕಾಗುತ್ತದೆ.

ಇನ್ನೊಂದು ಎಕ್ಕದ ಹಾಲು. ರಥಸಪ್ತಮಿಯ ದಿನ ತಲೆಯ ಮೇಲೆ ಎಕ್ಕದ ಎಲೆಯಿಟ್ಟು ಸ್ನಾನ ಮಾಡುವ ನಮಗೆ ಈ ಗಿಡದ ಬಗ್ಗೆ ಭಯವೇ ಇಲ್ಲ. ಆದರೆ ಎಲೆ ಕಿತ್ತಾಗ ಸುರಿಯುವ ಹಾಲು ಕಣ್ಣಿಗೆ ತಾಗಿದರೆ ಕಾರ್ನಿಯಾಗೆ ಪೆಟ್ಟಾಗುತ್ತದೆ. ಹೆಚ್ಚು ನೋವಿಲ್ಲದೆಯೇ ದೃಷ್ಟಿ ಮಂಜಾಗಬಹುದು. ನೋವಿಲ್ಲವಲ್ಲ ಎಂದು ಸುಮ್ಮನಿರುವುದೇ ಅಪಾಯ. ಹಾಲು ತಾಗಿದರೆ ಉಜ್ಜಬೇಡಿ. ಶುದ್ಧ ನೀರನ್ನು ಕನಿಷ್ಠ 15 ನಿಮಿಷ ಕಣ್ಣಿಗೆ ಹರಿಸಿ, ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ. ಹರಳೆಣ್ಣೆ, ಎದೆಹಾಲು ಏನನ್ನೂ ಹಾಕಬೇಡಿ.

ಗೂಡು ಕತ್ತರಿಸಿದ ಮನುಷ್ಯನ ಕಥೆ ನಿಜವೇ?

ಈ ಫಾರ್ವರ್ಡ್ ನೀವೂ ಓದಿರುತ್ತೀರಿ. ಒದ್ದಾಡುತ್ತಿದ್ದ ಚಿಟ್ಟೆಗೆ ಸಹಾಯ ಮಾಡಲು ಒಬ್ಬ ಗೂಡು ಕತ್ತರಿಸಿದ, ಚಿಟ್ಟೆ ಹಾರಲಾಗದೆ ಉಳಿಯಿತು, ‘ಕಷ್ಟಪಟ್ಟರೇ ರೆಕ್ಕೆ ಬಲಿಯುತ್ತದೆ’ ಎಂಬುದು ನೀತಿ. ಸಲಹೆ ಸರಿ, ಕೊಟ್ಟ ಕಾರಣ ತಪ್ಪು. ಕಿರಿದಾದ ರಂಧ್ರದಲ್ಲಿ ತೂರುವುದರಿಂದ ರೆಕ್ಕೆ ಬಲಿಯುವುದಿಲ್ಲ. ಚಿಟ್ಟೆ ಹೊರಬಂದ ಮೇಲೆ ನೇತಾಡಿಕೊಂಡು, ಮೈಯಲ್ಲಿರುವ ದ್ರವವನ್ನು ಮುದುಡಿದ ರೆಕ್ಕೆಯ ನರಗಳಿಗೆ ತುಂಬುತ್ತದೆ. ಆಗ ರೆಕ್ಕೆ ಬಿಚ್ಚಿ, ಕೆಲವು ಗಂಟೆಗಳಲ್ಲಿ ಒಣಗಿ ಗಟ್ಟಿಯಾಗುತ್ತದೆ. ಆ ಹೊತ್ತಿನಲ್ಲಿ ಕೆಳಗೆ ಬಿದ್ದರೆ ಅಥವಾ ಯಾರಾದರೂ ಮುಟ್ಟಿದರೆ ರೆಕ್ಕೆ ಮುದುಡಿದಂತೆಯೇ ಒಣಗಬಹುದು. ಆದ್ದರಿಂದ ಮುಟ್ಟಬೇಡಿ.

ಮನಸ್ಸಿಗೆ ನಿಜಕ್ಕೂ ಹಿತವೇ?

ಸ್ವಲ್ಪ ಮಟ್ಟಿಗೆ ಹೌದು ಎನ್ನಲು ಆಧಾರವಿದೆ. ದಕ್ಷಿಣ ಕೊರಿಯಾದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 94 ಹಿರಿಯ ನಾಗರಿಕರಿದ್ದರು. ಒಂದು ಗುಂಪಿಗೆ ರಾತ್ರಿ ಕಿರ್ರೆನ್ನುವ ಜೀರುಂಡೆಗಳನ್ನು ಎಂಟು ವಾರ ಸಾಕಲು ಕೊಟ್ಟರು. ಖಿನ್ನತೆ ಅಳೆಯುವ ಪ್ರಶ್ನಾವಳಿಯಲ್ಲಿ ಸಾಕಿದವರ ಅಂಕ ತುಸು ಸುಧಾರಿಸಿತ್ತು. ‘ತುಸು’ ಎಂಬ ಮಾತನ್ನು ಮರೆಯಬೇಡಿ. ಇಂಗ್ಲೆಂಡಿನ ಸುಮಾರು 20 ಸಾವಿರ ಜನರ ಮಾಹಿತಿ ಆಧರಿಸಿದ 2019ರ ಅಧ್ಯಯನದಲ್ಲಿ, ವಾರಕ್ಕೆ 120 ನಿಮಿಷ ಅಥವಾ ಹೆಚ್ಚು ಹೊತ್ತು ಹಸಿರಿನ ನಡುವೆ ಕಳೆದವರು ತಾವು ಆರೋಗ್ಯವಾಗಿದ್ದೇವೆ ಎಂದು ಹೇಳಿದ ಪ್ರಮಾಣ ಹೆಚ್ಚಿತ್ತು. ಇದು ನಂಟನ್ನು ತೋರಿಸುತ್ತದೆಯೇ ಹೊರತು ಹಸಿರೇ ಕಾರಣ ಎಂದು ಸಾಬೀತು ಮಾಡುವುದಿಲ್ಲ. ಆರೋಗ್ಯವಾಗಿರುವವರೇ ಹೆಚ್ಚು ಹೊರಗೆ ಹೋಗುತ್ತಿರಬಹುದು.

ಈ ಎರಡರಲ್ಲಿ ಯಾವ ಅಧ್ಯಯನವೂ ‘ಮಾತ್ರೆ ಬಿಡಿ’ ಎಂದು ಹೇಳಿಲ್ಲ. ಖಿನ್ನತೆಯ ಮಾತ್ರೆಯನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ತಲೆಸುತ್ತು, ನಿದ್ರೆಗೇಡು, ಚಡಪಡಿಕೆ ಬರಬಹುದು, ಕಾಯಿಲೆ ಮರುಕಳಿಸಬಹುದು. ಪ್ರಮಾಣ ಇಳಿಸುವುದನ್ನು ವೈದ್ಯರೇ ನಿರ್ಧರಿಸಬೇಕು. ಮಾತಾಡಲು ಯಾರಾದರೂ ಬೇಕೆನಿಸಿದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೂ ಮಾತಾಡಬಹುದು.

ಮನೆಯಲ್ಲಿ ನೋಡಬೇಕೆಂದರೆ ಹೇಗೆ?

ಗಿಡದಲ್ಲಿದ್ದಂತೆಯೇ ನೋಡುವುದು ಎಲ್ಲಕ್ಕಿಂತ ಒಳ್ಳೆಯದು. ಮನೆಯೊಳಗೆ ಬೆಳೆದ ಮೊನಾರ್ಕ್‌ಗಳು ವಲಸೆಯ ದಿಕ್ಕು ಹಿಡಿಯುವುದರಲ್ಲಿ ಸೋತವು ಎಂದು 2019ರಲ್ಲಿ ಅಮೆರಿಕದ ಅಧ್ಯಯನವೊಂದು ಹೇಳಿತ್ತು. ಆದರೂ ಒಂದೆರಡು ಹುಳುಗಳನ್ನು ಹತ್ತಿರದಿಂದ ನೋಡುವ ಆಸೆಯಿದ್ದರೆ ಹೀಗೆ ಮಾಡಿ:

• ಮಕ್ಕಳಿರುವ ಮನೆಯಲ್ಲಿ ಎಕ್ಕ ಬೇಡ. ಕರಿಬೇವು ಅಥವಾ ನಿಂಬೆ ಗಿಡದ ಹುಳು ಸಾಕು. ಚಿಕ್ಕದಿದ್ದಾಗ ಹಕ್ಕಿ ಹಿಕ್ಕೆಯಂತೆ ಕಾಣುವ, ಬಲಿತ ಮೇಲೆ ಹಸಿರಾಗುವ ಆ ಹುಳು ಕಾಮನ್ ಮಾರ್ಮನ್ ಅಥವಾ ಲೈಮ್ ಚಿಟ್ಟೆಯಾಗುತ್ತದೆ. ಕೆಣಕಿದರೆ ತಲೆಯಿಂದ ಬಣ್ಣದ ಕೊಂಬು ಚಾಚಿ ವಾಸನೆ ಬಿಡುತ್ತದೆ, ಕಚ್ಚುವುದಿಲ್ಲ.

• ಹುಳುವನ್ನು ಯಾವ ಗಿಡದಲ್ಲಿ ಕಂಡಿರೋ ಅದೇ ಗಿಡದ ತಾಜಾ ಎಲೆ ಕೊಡಿ. ಬೇರೆ ಸೊಪ್ಪು ಹಾಕಿದರೆ ಹಸಿದು ಸಾಯುತ್ತದೆ.

• ಈ ನಾಲ್ಕೂ ತಾಲ್ಲೂಕುಗಳು ಹೊಗೆಸೊಪ್ಪಿನ ಸೀಮೆ. ಔಷಧಿ ಹೊಡೆದ ಹೊಲದ ಬದುವಿನಿಂದ ಎಲೆ ತರಬೇಡಿ. ಹುಳು ಒಂದೇ ದಿನದಲ್ಲಿ ಸಾಯಬಹುದು.

• ಹೊಗೆಸೊಪ್ಪಿನ ಎಲೆ ತಿನ್ನುವ ಹುಳುವನ್ನು ತಂದು ಸಾಕಬೇಡಿ. ಅದು ಬೆಳೆಗೆ ಪೀಡೆಯಾದ ಕಂದು ಪತಂಗವಾಗುತ್ತದೆ.

• ನಾಗರಹೊಳೆ ಕಾಡಿನೊಳಗಿಂದ ಹುಳು, ಮೊಟ್ಟೆ, ಚಿಟ್ಟೆ ಯಾವುದನ್ನೂ ತರಬೇಡಿ. ರಾಷ್ಟ್ರೀಯ ಉದ್ಯಾನದಿಂದ ಅನುಮತಿಯಿಲ್ಲದೆ ವನ್ಯಜೀವಿ ತೆಗೆಯುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

• ಡಬ್ಬಕ್ಕೆ ಸೊಳ್ಳೆಪರದೆಯ ಬಟ್ಟೆ ಕಟ್ಟಿ, ಒಳಗೆ ನೇತಾಡಲು ಕಡ್ಡಿಯಿಡಿ. ಹಿಕ್ಕೆಯನ್ನು ದಿನವೂ ತೆಗೆಯಿರಿ, ಕೈ ತೊಳೆಯಿರಿ. ಆ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಬೇಡಿ. ರೆಕ್ಕೆ ಒಣಗಿದ ಮೇಲೆ ಹುಳು ಸಿಕ್ಕಿದ ಗಿಡದ ಹತ್ತಿರವೇ ಬಿಡಿ.

ಇನ್ನೊಂದು ಮಾತು. ಎಲ್ಲ ಹುಳುವೂ ಚಿಟ್ಟೆಯಾಗುವುದಿಲ್ಲ. ರೇಷ್ಮೆ ಹುಳುವಿಗೆ ಊಜಿ ನೊಣ ಬೀಳುವ ಹಾಗೆ ಇವುಗಳ ಮೈಯಲ್ಲೂ ನೊಣಗಳು ಬೆಳೆಯುತ್ತವೆ. ಕೆಲವು ಪ್ಯೂಪಾ ಕಪ್ಪಾಗಿ, ಒಳಗಿಂದ ನೊಣ ಹೊರಬರುತ್ತದೆ. ಅದು ನಿಮ್ಮ ತಪ್ಪಲ್ಲ. ನೊಂದ ಮನಸ್ಸಿನವರ ಜೊತೆ ನೋಡುತ್ತಿದ್ದರೆ ಇದನ್ನು ಮೊದಲೇ ಹೇಳಿಡಿ. ಇಲ್ಲದಿದ್ದರೆ ಒಂದು ಸಾವಿನ ದುಃಖದಲ್ಲಿರುವವರಿಗೆ ಇದೂ ಸೇರಿಕೊಳ್ಳಬಹುದು.

ಪಿರಿಯಾಪಟ್ಟಣದ ಓದುಗರಿಗೆ ನಾವು ಹೇಳಿದ್ದಿಷ್ಟು: ಬೆಳಿಗ್ಗೆ ಮಾತ್ರೆ ಕೊಡಿ, ಆಮೇಲೆ ಎಕ್ಕದ ಗಿಡದ ಹತ್ತಿರ ಅಮ್ಮನ ಪಕ್ಕದಲ್ಲಿ ಹತ್ತು ನಿಮಿಷ ನೀವೂ ಕುಳಿತುಕೊಳ್ಳಿ. ಅಮ್ಮ ಎರಡು ಮಾತು ಜಾಸ್ತಿ ಆಡಿದಾಗ ಕೇಳಲು ಯಾರಾದರೂ ಇರಬೇಕಲ್ಲ.

‘ಮಾತ್ರೆ ಬಿಸಾಕಿ’ ಎನ್ನುವ ವಿಡಿಯೋ ನಿಮ್ಮ ಗ್ರೂಪಿಗೂ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ. ಕಳಿಸಲೇಬೇಕೆಂದರೆ 14416 ಎಂಬ ಸಂಖ್ಯೆಯನ್ನು ಕಳಿಸಿ.